ಜಪಾನಿನ ಹಳ್ಳಿಗಾಡಿನಲ್ಲಿ ಕಾರು: ಹೊಸದಾಗಿ ಬಂದವರಿಗೆ

ಟೋಕಿಯೊ, ಒಸಾಕಾದಲ್ಲಿ ಇರುವವರು ಇದನ್ನು ಓದಬೇಕಾಗಿಲ್ಲ. ನಿಮಗೆ ರೈಲು ಇದೆ. ಇದು ನಾಗಾನೊ, ತೊಚಿಗಿ, ಶಿಮಾನೆ ಕಡೆಯ ಫ್ಯಾಕ್ಟರಿಗೋ ಕಾಲೇಜಿಗೋ ಕೆಲಸಕ್ಕೆ ಬಂದು, ಬೆಟ್ಟದ ಬುಡದಲ್ಲಿ ಮನೆ ಹಿಡಿದು, ಬಸ್ ಸ್ಟಾಪಿನ ವೇಳಾಪಟ್ಟಿ ನೋಡಿ ದಂಗಾಗಿ ನಿಂತವರಿಗೆ. ಬೆಳಿಗ್ಗೆ ಒಂದೆರಡು ಬಸ್ಸು, ಸಂಜೆ ಒಂದೆರಡು, ಭಾನುವಾರ ಇಲ್ಲವೇ ಇಲ್ಲ. ಇಲ್ಲಿ ಕಾರು ಷೋಕಿಗಲ್ಲ. ಹಾಲು ತರೋಕೂ ಬೇಕು.

"ದುಡ್ಡು ರೆಡಿ ಇದೆ, ಶನಿವಾರ ಹೋಗಿ ತಗೊಂಡು ಬರ್ತೀನಿ" ಅನ್ನುವವರನ್ನು ಪ್ರತಿ ವರ್ಷ ನೋಡುತ್ತೇನೆ. ನಮ್ಮಲ್ಲಿ ಷೋರೂಮು, ಲೋನು, ಅಷ್ಟೆ. ಮಿಕ್ಕಿದ್ದು ಏಜೆಂಟಿನ ತಲೆನೋವು. ಇಲ್ಲಿ ದುಡ್ಡಿನ ಮಾತು ಕೊನೆಗೆ. ಮೊದಲು ಬೇಕಾದದ್ದು ಕಾರು ನಿಲ್ಲಿಸಲು ಜಾಗ ಇದೆ ಅನ್ನುವ ಪತ್ರ. ಶಾಕೊ ಶೋಮೇಷೊ ಅನ್ನುತ್ತಾರೆ. ಕೊಡುವವರು ಪೊಲೀಸರು. 1962ರ ಕಾನೂನು ಇದು. ಬೆಂಗಳೂರಿನ ಬೀದಿಗಳನ್ನು ನೆನೆಸಿಕೊಂಡರೆ ನಮ್ಮಲ್ಲೂ ಆಗಲೇ ಬಂದಿದ್ದರೆ ಅನಿಸುತ್ತದೆ, ಅಲ್ವಾ? ಅದು ಬೇರೆ ಮಾತು.

ಜಾಗ ನಿಮ್ಮ ಮನೆಯಿಂದ ನೇರ ಅಳತೆಯಲ್ಲಿ 2 ಕಿಲೋಮೀಟರಿನ ಒಳಗಿರಬೇಕು. ಎರಡು ನಕ್ಷೆ ಕೊಡಬೇಕು. ಒಂದು ಮನೆ ಎಲ್ಲಿ, ಜಾಗ ಎಲ್ಲಿ ಅಂತ. ಇನ್ನೊಂದು ಜಾಗದ ಉದ್ದ, ಅಗಲ, ಮುಂದಿನ ರಸ್ತೆಯ ಅಗಲ, ಎಲ್ಲಾ ಮೀಟರಿನಲ್ಲಿ. ಕೈಯಲ್ಲೇ ಬರೆಯಬಹುದು, ಆದರೆ ಟೇಪು ಹಿಡಿದು ಅಳೆಯಿರಿ. ಸುಮ್ನೆ ಅಂದಾಜಿಗೆ ಬರೆಯಬೇಡಿ. ಜಾಗ ನಿಮ್ಮದಲ್ಲ ಅಂದರೆ ಮಾಲೀಕರ ಒಪ್ಪಿಗೆ ಪತ್ರವೂ ಬೇಕು. ಅರ್ಜಿ ಕೊಡಲು ಒಮ್ಮೆ, ಪತ್ರ ತರಲು ಇನ್ನೊಮ್ಮೆ, ಎರಡೂ ಸಲ ವಾರದ ದಿನದಲ್ಲೇ ಹೋಗಬೇಕು. ನಡುವೆ ಕೆಲವು ದಿನ, ಒಮ್ಮೊಮ್ಮೆ ಒಂದು ವಾರ. ಸ್ಟೇಷನ್ನು ಇರುವುದು ಪಕ್ಕದ ಪಟ್ಟಣದಲ್ಲಿ. ಅಲ್ಲಿಗೆ ಹೋಗಲು ಕಾರು ಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಸಹೋದ್ಯೋಗಿಗಳನ್ನು ಕೇಳಲು ಸಂಕೋಚ ಬೇಡ. ಅಥವಾ ಡೀಲರಿಗೇ ವಹಿಸಿ, ಫೀಸು ತಗೊಂಡು ಓಡಾಡುತ್ತಾರೆ. ಆದರೆ ಒಪ್ಪಿಗೆ ಪತ್ರ ಮಾತ್ರ ಅವರು ತರುವುದಿಲ್ಲ.

ನಾನು ಸಿಕ್ಕಿಕೊಂಡದ್ದು ಅಲ್ಲೇ. ಮನೆ ಬಾಡಿಗೆಗೆ ಹಿಡಿದಾಗ ಮಾಲೀಕ ಅಜ್ಜಿ ಪಕ್ಕದ ಖಾಲಿ ಜಾಗ ತೋರಿಸಿ "ಇಲ್ಲೇ ನಿಲ್ಲಿಸ್ಕೋ" ಅಂದಿದ್ದರು. ನಾನೂ ಊರಿನವನ ಹಾಗೆ ತಲೆಯಾಡಿಸಿ ಬಂದೆ. ಕರಾರಿನಲ್ಲಿ ಬರೆಸಲಿಲ್ಲ. ಬರೆಸಿದ್ದರೆ ಆ ಕರಾರಿನ ನಕಲೇ ಸಾಕಾಗುತ್ತಿತ್ತು. ಒಪ್ಪಿಗೆ ಪತ್ರ ಹಿಡಿದು ಹೋದಾಗ ಗೊತ್ತಾಯಿತು, ಆ ಜಾಗ ಇನ್ನೂ ಅಜ್ಜಿಯ ತೀರಿಹೋದ ಮಾವನ ಹೆಸರಿನಲ್ಲಿದೆ. ಪೌತಿ ಖಾತೆ ಆಗದೆ ಬಿದ್ದ ಜಮೀನು ಬರೀ ನಮ್ಮ ಹಾಸನ, ಮಂಡ್ಯದಲ್ಲಿ ಮಾತ್ರ ಅಂದುಕೊಂಡಿದ್ದೆ. ಜಪಾನಿನಲ್ಲಿ ಇದು ಎಷ್ಟು ಜಾಸ್ತಿ ಅಂದರೆ, 2024ರ ಏಪ್ರಿಲಿನಿಂದ ಪಿತ್ರಾರ್ಜಿತ ಆಸ್ತಿಯನ್ನು ಮೂರು ವರ್ಷದೊಳಗೆ ಹೆಸರಿಗೆ ಮಾಡಿಸಿಕೊಳ್ಳುವುದನ್ನು ಸರ್ಕಾರ ಕಡ್ಡಾಯ ಮಾಡಬೇಕಾಯಿತು. ಅಜ್ಜಿ "ನಗೋಯಾದಲ್ಲಿ ಮಗ ಇದ್ದಾನೆ, ಅವನನ್ನು ಕೇಳದೆ ಹೇಗೆ" ಅಂದರು. ಮಗ ಬರುವುದು ಹಿರಿಯರ ಹಬ್ಬ ಓಬೋನ್‌ಗೆ, ಆಗಸ್ಟಿನಲ್ಲಿ. ಫೋನಿನಲ್ಲಿ ಕೇಳಿ ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮಜ್ಜಿಯೂ ಹೀಗೇ ಇದ್ದರು.

ಮಗ ಬಂದ, ಓದಿದ, ಸರಿ ಅಂದ. ಆಮೇಲೆ ಅಜ್ಜಿ ಒಳಗಿನಿಂದ ಸೀಲು ತಂದರು, ಇಲ್ಲಿ ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ. 2021ರಿಂದ ಈ ಅರ್ಜಿಗೆ ಸೀಲು ಬೇಕಾಗಿಲ್ಲ, ಸಹಿ ಸಾಕು. ಅಜ್ಜಿ ಕೇಳಬೇಕಲ್ಲ. ಕಾಗದದ ಅಡಿಗೆ ರಬ್ಬರಿನ ಹಾಳೆ ಇಟ್ಟು, ಸೀಲನ್ನು ಕೆಂಪು ಶಾಯಿಯ ಮೇಲೆ ಮೆಲ್ಲಗೆ ತಟ್ಟಿ ತಟ್ಟಿ, ಎರಡೂ ಕೈಯಿಂದ ಒತ್ತಿ, ಉಸಿರು ಹಿಡಿದು ಎತ್ತಿದರು. ಅಂಚು ಒಂದು ಕಡೆ ಮಸುಕಾಗಿತ್ತು. ಪಕ್ಕದಲ್ಲೇ ಇನ್ನೊಂದು ಒತ್ತಿದರು.

ಈಗ ನಿಮ್ಮ ಸೀಲಿಗೆ ಬರೋಣ. ದೊಡ್ಡ ಕಾರಿಗೆ, ಅಂದರೆ ಬಿಳಿ ನಂಬರ್ ಪ್ಲೇಟಿನದಕ್ಕೆ, ನಗರಸಭೆಯಲ್ಲಿ ನೋಂದಾಯಿಸಿದ ಸೀಲು ಬೇಕು, ಅದರ ಸರ್ಟಿಫಿಕೇಟು ಬೇಕು. ಸೀಲಿನ ಅಚ್ಚು 8 ಮಿಲಿಮೀಟರಿಗಿಂತ ದೊಡ್ಡದಿರಬೇಕು, 25ಕ್ಕಿಂತ ಚಿಕ್ಕದಿರಬೇಕು. ಅದರೊಳಗೆ ಹೆಸರು ಹಿಡಿಯಬೇಕು. ಜಪಾನಿನವರಿಗೆ ಎರಡು ಅಕ್ಷರದಲ್ಲಿ ಮುಗಿಯುತ್ತದೆ. ನಮಗೆ ಊರು, ಅಪ್ಪ, ಹೆಸರು, ಎಲ್ಲಾ ಪಾಸ್‌ಪೋರ್ಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಸರ್‌ನೇಮ್ ಜಾಗ ಖಾಲಿ, ಅಥವಾ ಅಲ್ಲಿ ಅಪ್ಪನ ಹೆಸರು. ರೆಸಿಡೆನ್ಸ್ ಕಾರ್ಡಿನಲ್ಲೂ ಅದೇ. ಹೆಸರಿನ ಒಂದು ಭಾಗವನ್ನಷ್ಟೇ ಸೀಲಿಗೆ ಬಳಸಬಹುದು, ಹೆದರಬೇಡಿ. ಜಪಾನಿ ಲಿಪಿಯಲ್ಲಿ ಬೇಕಿದ್ದರೆ ಮೊದಲು ನಿವಾಸದ ದಾಖಲೆಯಲ್ಲಿ, ಜುಮಿನ್‌ಹ್ಯೋದಲ್ಲಿ, ಆ ಕಾಗುಣಿತ ಸೇರಿಸಿಕೊಳ್ಳಿ. ಸೀಲು ಮಾಡಿಸುವುದು ಆಮೇಲೆ. ಬ್ಯಾಂಕಿನಲ್ಲಿ ಬೆಂಕಟೇಶ, ನಗರಸಭೆಯಲ್ಲಿ ವೆಂಕಟೇಶ, ವಿಮೆಯಲ್ಲಿ ಬರೀ ಅಪ್ಪನ ಹೆಸರು ಅಂತಾದರೆ ಮೂವರೂ ಬೇರೆ ಬೇರೆ ಜನ. ಕೌಂಟರಿನಲ್ಲಿ ನೀವು ಖುದ್ದಾಗಿ ನಿಂತಿದ್ದರೂ ಅಷ್ಟೆ. ಮೊದಲ ದಿನವೇ ಒಂದು ಕಾಗುಣಿತ ಆರಿಸಿ, ಸಾಯುವ ತನಕ ಅದನ್ನೇ ಬರೆಯಿರಿ.

ಲೈಸೆನ್ಸಿನ ಕತೆ ಬೇಗ ಹೇಳಿಬಿಡುತ್ತೇನೆ. ಭಾರತದ ಇಂಟರ್‌ನ್ಯಾಷನಲ್ ಪರ್ಮಿಟ್ ಇಲ್ಲಿ ಇಳಿದ ದಿನದಿಂದ ಒಂದು ವರ್ಷ, ಅಥವಾ ಪರ್ಮಿಟ್ಟಿನ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಆಮೇಲೆ ಜಪಾನಿ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬೇಕು. 2025ರ ಅಕ್ಟೋಬರಿನಿಂದ ಪರೀಕ್ಷೆ ಬಿಗಿಯಾಗಿದೆ: 50 ಪ್ರಶ್ನೆ, 45 ಸರಿಯಿರಬೇಕು. ರಸ್ತೆಯ ಎಡಕ್ಕೇ ಓಡಿಸುವುದು, ಅಷ್ಟರ ಮಟ್ಟಿಗೆ ನೆಮ್ಮದಿ. ಲೋನು ಬೇಕಿದ್ದರೆ ವೀಸಾ ಅವಧಿ ಎಷ್ಟು ಉಳಿದಿದೆ ನೋಡಿಕೊಳ್ಳಿ. ಕಡ್ಡಾಯ ವಿಮೆ ಡೀಲರ್ ಮಾಡಿಸುತ್ತಾರೆ. ಅದು ಸಾಲದು, ಇನ್ನೊಂದು ವಿಮೆ ನೀವೇ ಮಾಡಿಸಿ, ಕಾರು ಕೈಗೆ ಬರುವ ಮೊದಲೇ.

ಇಷ್ಟೆಲ್ಲ ಓದಿ ಸುಸ್ತಾಯಿತಾ? ಹಾಗಾದರೆ ಹಳದಿ ಪ್ಲೇಟಿನ ಪುಟ್ಟ ಕಾರು, ಇಲ್ಲಿ ಕೇ ಕಾರು ಅನ್ನುತ್ತಾರೆ, ಅದನ್ನು ತಗೊಳ್ಳಿ. 660 ಸಿಸಿ, ಉದ್ದ 3.4 ಮೀಟರು. ಹಳ್ಳಿಗಾಡಿನಲ್ಲಿ ಬಹುಪಾಲು ಕಡೆ ಇದಕ್ಕೆ ಪೊಲೀಸರ ಪತ್ರ ಬೇಡ. ನೋಂದಾಯಿಸಿದ ಸೀಲೂ ಬೇಡ. ತೆರಿಗೆ ವರ್ಷಕ್ಕೆ 10,800 ಯೆನ್. ಗದ್ದೆ ನಡುವಿನ ರಸ್ತೆಗಳಲ್ಲಿ ಎರಡೂ ಕಡೆ ಮುಚ್ಚಳವಿಲ್ಲದ ನೀರಿನ ಕಾಲುವೆ ಇರುತ್ತದೆ, ಅಗಲದ ಕಾರಿನ ಚಕ್ರ ಅದರೊಳಗೆ ಇಳಿಯುವುದು ಹೊಸದೇನಲ್ಲ. ಆದರೆ ನಾನು ಕೇ ತಗೊಳ್ಳಲಿಲ್ಲ. ಊರಿಗೆ ಫೋಟೊ ಕಳಿಸಬೇಕಲ್ಲ! ಜಪಾನಿನಲ್ಲಿದ್ದು ಡಬ್ಬಿಯಂಥ ಕಾರಾ ಅಂತ ಭಾವ ಕೇಳುತ್ತಾನೆ ಅಂತ. ಆ ಭಾವನ ಬಾಯಿಗೆ ಹೆದರಿ ಬೇಸಿಗೆಯೆಲ್ಲ ಸೈಕಲ್ ತುಳಿದೆ. ಅಪ್ಪ ಅಮ್ಮ ಬಂದು ಇರುವವರಾದರೆ ಮಾತ್ರ ಯೋಚಿಸಿ, ಕೇ ಕಾರಿನಲ್ಲಿ ನಾಲ್ಕೇ ಸೀಟು.

ತಿಂಗಳು ನೋಡಿ ಹೊರಡಿ. ಯುಗಾದಿಗೆ ಕಾರು ಮನೆಗೆ ಬರಲಿ ಅಂತ ಎಲ್ಲರಿಗೂ ಆಸೆ. ಇಲ್ಲಿ ಅದೇ ಕೆಟ್ಟ ಸಮಯ. ಏಪ್ರಿಲ್ 1ರಂದು ಕಾರು ಯಾರ ಹೆಸರಿನಲ್ಲಿದೆಯೋ ಅವರಿಗೆ ಆ ವರ್ಷದ ತೆರಿಗೆ. ಹಾಗಾಗಿ ಮಾರ್ಚಿನಲ್ಲಿ ಹೆಸರು ಬದಲಾಯಿಸುವವರು, ಗುಜರಿಗೆ ಹಾಕುವವರು ಎಲ್ಲರೂ ಒಟ್ಟಿಗೆ ಸಾರಿಗೆ ಕಚೇರಿಗೆ ನುಗ್ಗುತ್ತಾರೆ. ಅದು ದಾಟಿದರೆ ಏಪ್ರಿಲ್ ಕೊನೆಗೆ ಗೋಲ್ಡನ್ ವೀಕ್ ರಜೆ. ಆಯುಧಪೂಜೆ ವಾಸಿ. ಹಿಮ ಬೀಳುವ ಊರಾದರೆ ಚಳಿಗಾಲದ ಟೈರೂ ಆಗಲೇ ಮಾತಾಡಿಕೊಳ್ಳಿ.

ಬೇಗ ಮಾಡಿಸಲು ಯಾರನ್ನು ಹಿಡಿಯಬೇಕು ಅಂತ ಕೇಳಬೇಡಿ. ಯಾರೂ ಇಲ್ಲ. ಡೀಲರಿನ ಹುಡುಗ ಹಲ್ಲಿನ ನಡುವೆ ಗಾಳಿ ಎಳೆದುಕೊಂಡು, ತಲೆ ಬಗ್ಗಿಸಿ, ಅದೇ ತಾರೀಖನ್ನು ಮತ್ತೆ ಹೇಳುತ್ತಾನೆ. ಲಂಚ ಇಲ್ಲ, ಬೈಗುಳ ಇಲ್ಲ. ಊರಿನಲ್ಲಿ "ನಮ್ ಹುಡುಗ, ಸ್ವಲ್ಪ ನೋಡ್ರಿ" ಅನ್ನುವ ಮಾತಿಗೆ ಎಷ್ಟು ಸಿಡಿಮಿಡಿ ಮಾಡುತ್ತಿದ್ದೆ. ಇಲ್ಲಿ ಯಾರೂ ನನ್ನನ್ನು ನಮ್ ಹುಡುಗ ಅನ್ನುವವರಿಲ್ಲ. ಅಜ್ಜಿಯ ಆ ಸೀಲು ಬಿಟ್ಟರೆ.

ಮಗಳಿಗೆ ಇದ್ಯಾವುದೂ ವಿಚಿತ್ರ ಅನಿಸುವುದಿಲ್ಲ. ಕೌಂಟರಿನಲ್ಲಿ ನನ್ನ ಪರವಾಗಿ ಮಾತಾಡಿ, ಪಕ್ಕಕ್ಕೆ ಬಂದು "ಅಪ್ಪಾ, ಮೆಲ್ಲಗೆ ಮಾತಾಡು" ಅನ್ನುತ್ತಾಳೆ. ಕಾರು ಬಂದ ಮೇಲೆ ಶಾಲೆಗೆ ಬಿಡುವ ದಾರಿಯೇ ನಮ್ಮ ಕನ್ನಡದ ಹೊತ್ತು. ನಾನು ಮುಂದಿನಿಂದ ಕನ್ನಡದಲ್ಲಿ ಕೇಳುತ್ತೇನೆ, ಹಿಂದಿನ ಸೀಟಿನಿಂದ ಜಪಾನಿಯಲ್ಲಿ ಉತ್ತರ ಬರುತ್ತದೆ. ಬೈದರೆ ಎರಡು ದಿನ ಕನ್ನಡ, ಆಮೇಲೆ ಮೊದಲಿನಂತೆ. ಮನೆಯಲ್ಲಿ ಶುರುವಿನಿಂದಲೇ ಹಟ ಹಿಡಿಯಿರಿ. ಕಾರು ತಡವಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ.

ಕೊನೆಗೆ, ವಾಪಸ್ ಊರಿಗೆ ಹೋಗುವ ಗೆಳೆಯರ ಕಾರು. ನಮ್ಮವರಲ್ಲಿ ಇದು ಜಾಸ್ತಿ. "ನೀನೇ ಇಟ್ಕೋ, ದುಡ್ಡು ಆಮೇಲೆ ಕೊಡು" ಅಂತ ಕೀಲಿ ಕೊಟ್ಟು ವಿಮಾನ ಹತ್ತುತ್ತಾರೆ. ದೇಶ ಬಿಡುತ್ತೇನೆ ಅಂತ ನಗರಸಭೆಯಲ್ಲಿ ಬರೆಸಿದ ಮೇಲೆ ಅವರ ಸೀಲಿನ ನೋಂದಣಿ ರದ್ದಾಗುತ್ತದೆ. ದೊಡ್ಡ ಕಾರಾದರೆ ಆ ಸರ್ಟಿಫಿಕೇಟಿಲ್ಲದೆ ಹೆಸರು ಬದಲಾಯಿಸುವುದು ದೊಡ್ಡ ಫಜೀತಿ. ಕಾರು ಲೋನಿನದಾದರೆ ಮಾಲೀಕ ಗೆಳೆಯನೇ ಅಲ್ಲ, ಲೋನ್ ಕಂಪನಿಯೋ ಡೀಲರೋ ಇರಬಹುದು. 2023ರಿಂದ ಬಂದ ಚಿಪ್ ಇರುವ ಹೊಸ ಶಾಕೆನ್ ಪತ್ರದ, ಅಂದರೆ ಕಾರಿನ ತಪಾಸಣೆ ಪತ್ರದ ಮೇಲೆ ಮಾಲೀಕರ ಹೆಸರು ಅಚ್ಚಾಗಿರುವುದಿಲ್ಲ, ಅದರ ಜೊತೆ ಕೊಡುವ ವಿವರದ ಹಾಳೆ ಕೇಳಿ ಓದಿ. ಸೀಲಿನ ಸರ್ಟಿಫಿಕೇಟು ಮೂರು ತಿಂಗಳೊಳಗಿನದಾಗಿರಬೇಕು. ಅದನ್ನೂ ವರ್ಗಾವಣೆ ಪತ್ರವನ್ನೂ ಕೈಗೆ ತೆಗೆದುಕೊಂಡು, ಆಗುವುದಾದರೆ ಇಬ್ಬರೂ ಒಟ್ಟಿಗೆ ಕಚೇರಿಗೆ ಹೋಗಿ ಹೆಸರು ಬದಲಾಯಿಸಿಬಿಡಿ. ಬೀಳ್ಕೊಡುಗೆ ಊಟ ಆಮೇಲೆ.