945ನ್ನು ಪರೀಕ್ಷಿಸುವುದು ಹೇಗೆ?

ಯಾವುದೇ ಸಂಖ್ಯೆಯ ಭಾಜಕಗಳನ್ನು, ಆ ಸಂಖ್ಯೆಯೊಂದನ್ನು ಬಿಟ್ಟು, ಕೂಡಿ ನೋಡಿ. 8ಕ್ಕೆ 1+2+4=7, ಒಂದು ಕಡಿಮೆ. 6ಕ್ಕೆ 1+2+3=6, ಸರಿಸಮ; ಇಂಥದ್ದು ಪರಿಪೂರ್ಣ ಸಂಖ್ಯೆ. 12ಕ್ಕೆ 16 ಬರುತ್ತದೆ, ಅಂದರೆ ಮೂಲವನ್ನೇ ಮೀರಿತು. ಇದು ಸಮೃದ್ಧ ಸಂಖ್ಯೆ. ಈ ವಿಂಗಡಣೆ ಕ್ರಿ.ಶ. 100ರ ಆಸುಪಾಸಿನ ಗ್ರೀಕ್ ಗಣಿತಜ್ಞ ನಿಕೋಮಾಕಸ್‌ನಲ್ಲೇ ಇದೆ. ಸಮ ಸಂಖ್ಯೆಗಳಲ್ಲಿ ಸಮೃದ್ಧವಾದವು ಬೇಕಾದಷ್ಟು: 12, 18, 20, 24... ಬೆಸ ಸಂಖ್ಯೆಗಳಲ್ಲಿ ಮಾತ್ರ 945ಕ್ಕಿಂತ ಮುಂಚೆ ಒಂದೂ ಇಲ್ಲ. ಅದೇಕೆ ಎಂದು ಕಾಗದ, ಪೆನ್ಸಿಲ್ ಹಿಡಿದು ನೋಡೋಣ.

1. ಅವಿಭಾಜ್ಯಗಳಾಗಿ ಒಡೆಯಿರಿ. ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಭಾಗವಾಗುತ್ತದೆ, ಭಾಗಲಬ್ಧ 105. ಅದು 3×5×7. ಒಟ್ಟಿನಲ್ಲಿ 945 = 3³×5×7.

2. ಭಾಜಕಗಳನ್ನು ಎಣಿಸಿ. ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ: 4×2×2=16.

3. ಮೊತ್ತ ತೆಗೆಯಿರಿ. ಹದಿನಾರನ್ನೂ ಬರೆದು ಕೂಡುತ್ತ ಕೂರಬೇಕಿಲ್ಲ. (1+3+9+27)×(1+5)×(1+7), ಅಂದರೆ 40×6×8=1920. ಇದರಲ್ಲಿ 945 ಕಳೆದರೆ 975. ಮೂಲಕ್ಕಿಂತ 30 ಹೆಚ್ಚು!

4. ಇದೇ ಏಕೆ ಮೊದಲನೆಯದು? ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಇಲ್ಲಿದೆ. ಸಮೃದ್ಧವಾಗಬೇಕಾದರೆ, ಆ ಸಂಖ್ಯೆಯನ್ನೂ ಸೇರಿಸಿ, ಎಲ್ಲ ಭಾಜಕಗಳ ಮೊತ್ತ ಸಂಖ್ಯೆಯ ಎರಡು ಪಟ್ಟನ್ನು ದಾಟಬೇಕು. 3ರ ಘಾತವನ್ನು ಎಷ್ಟೇ ಏರಿಸಿದರೂ ಅದರಿಂದ ಸಿಗುವುದು 1.5 ಪಟ್ಟಿಗಿಂತ ಕಡಿಮೆ, 5ರಿಂದ 1.25 ಪಟ್ಟಿಗಿಂತ ಕಡಿಮೆ. ಎರಡರ ಗುಣಲಬ್ಧ 1.875. ಅಲ್ಲಿಗೆ, ಬೆಸ ಸಂಖ್ಯೆಗೆ ಕನಿಷ್ಠ ಮೂರು ಬೇರೆ ಬೇರೆ ಅವಿಭಾಜ್ಯಗಳು ಬೇಕೇ ಬೇಕು. ತೀರ ಚಿಕ್ಕ ಮೂರು, 3, 5, 7. 105ಕ್ಕೆ ಮೊತ್ತ 192, ಬೇಕಿದ್ದದ್ದು 210. ಇನ್ನೊಂದು 3 ಸೇರಿಸಿದರೆ 315: ಮೊತ್ತ 624, ಗುರಿ 630. ಬರೀ ಆರರಿಂದ ತಪ್ಪಿತು! ಮತ್ತೊಂದು 3 ಸೇರಿದಾಗ 945 ದಾಟುತ್ತದೆ. ನಡುವಿನ 495, 525, 735, 825ರಂಥವನ್ನೂ ಇದೇ ರೀತಿ ಪರೀಕ್ಷಿಸಿ, ಯಾವುದೂ ದಾಟುವುದಿಲ್ಲ.

5. ಹೆಚ್ಚಾದ 30ನ್ನು ಕಳೆಯಿರಿ. ಭಾಜಕಗಳಲ್ಲಿ 27 ಮತ್ತು 3ನ್ನು ಕೈಬಿಟ್ಟರೆ ಉಳಿದವುಗಳ ಮೊತ್ತ ಸರಿಯಾಗಿ 945. ಇದು ಎಲ್ಲ ಸಮೃದ್ಧ ಸಂಖ್ಯೆಗಳಿಗೂ ಒಗ್ಗುವ ಉಪಾಯವಲ್ಲ. 70ರ ಭಾಜಕಗಳ ಮೊತ್ತ 74; ಹೆಚ್ಚಾದದ್ದು 4. 1, 2, 5, 7, 10, 14, 35ರಲ್ಲಿ ಯಾವುದನ್ನು ಬಿಟ್ಟರೂ ಸರಿಯಾಗಿ 4 ಕಳೆಯಲಾಗದು.

945ಕ್ಕೆ ಬೇರೆ ಮುಖಗಳೂ ಇವೆ. 1×3×5×7×9 ಗುಣಿಸಿದರೂ ಇದೇ ಬರುತ್ತದೆ. ಹಾಗಾಗಿ ಹತ್ತು ಜನರನ್ನು ಐದು ಜೋಡಿಗಳಾಗಿ ಮಾಡುವ ವಿಧಾನಗಳೂ 945: ಮೊದಲನೆಯವರಿಗೆ ಜೊತೆಗಾರರ ಆಯ್ಕೆ 9, ಉಳಿದವರಲ್ಲಿ ಒಬ್ಬರಿಗೆ 7, ಹೀಗೆ. 1 + 1/2⁶ + 1/3⁶ + ... ಎಂಬ ಅನಂತ ಶ್ರೇಣಿಯ ಮೊತ್ತ π⁶/945 ಎಂದು ತೋರಿಸಿದವನು ಸ್ವಿಸ್ ಗಣಿತಜ್ಞ ಆಯ್ಲರ್.

ಕೈ ಪಳಗಿದ್ದರೆ ಮುಂದಿನ ಬೆಸ ಸಮೃದ್ಧ ಸಂಖ್ಯೆ 1575ನ್ನು ತೆಗೆದುಕೊಳ್ಳಿ. ಅದರಲ್ಲೂ 3 ಇದೆ. 3ನ್ನು ಬಿಟ್ಟು ನೋಡುತ್ತೇನೆ ಎನ್ನುವವರು 5²×7×11×13×17×19×23×29ರ ತನಕ, ಅಂದರೆ 5391411025ರ ತನಕ ಹೋಗಬೇಕು. ಅದರ ಭಾಜಕಗಳು 384. ಮೂರನೆಯ ಹಂತದ ಗುಣಾಕಾರವೇ ಅಲ್ಲಿ ಗತಿ.