ಇಪ್ಪತ್ತೈದು ಚದರ ಮೀಟರಿನ ಲೆಕ್ಕ: ಬೆಳೆ ಕಟಾವು ಪ್ರಯೋಗಗಳನ್ನು ನಾನು ಪರಿಶೀಲಿಸಿದ ಬಗೆ

ತುಮಕೂರು ಜಿಲ್ಲೆಯ ಗುಬ್ಬಿ ಕಡೆಯ ಹಳ್ಳಿಗಳಲ್ಲಿ ರಾಗಿಯ ಬೆಳೆ ಕಟಾವು ಪ್ರಯೋಗಗಳ (ಹೊಲದಲ್ಲಿ ಒಂದು ಸಣ್ಣ ತಾಕನ್ನು ಅಳೆದು ಕೊಯ್ದು, ಕಾಳು ತೂಗಿ ಇಳುವರಿ ಅಂದಾಜಿಸುವ ಕೆಲಸದ) ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಾಗ, ಈ ಕಾರ್ಯಕ್ರಮ ಹೇಗೆ ನಡೆಯುತ್ತಿದೆ ಎಂದು ಕೇಳಿದವರಿಗೆಲ್ಲ ಸಿಗುತ್ತಿದ್ದ ಉತ್ತರ ಒಂದೇ: ಯೋಜಿಸಿದ ಪ್ರಯೋಗಗಳಲ್ಲಿ ಶೇಕಡಾ ಎಷ್ಟು ಮುಗಿದಿವೆ ಎಂಬುದು. ಅದರಿಂದ ಕೆಲಸ ಮುಗಿದದ್ದು ತಿಳಿಯುತ್ತದೆಯೇ ಹೊರತು ಇಳುವರಿಯ ಅಂಕಿಯನ್ನು ನಂಬಬಹುದೇ ಎಂಬುದು ತಿಳಿಯುವುದಿಲ್ಲ. ಹಾಗಾಗಿ ತುಂಬಿದ ನಮೂನೆಗಳನ್ನು ಕಚೇರಿಯಲ್ಲಿ ತಿರುವಿಹಾಕುವುದನ್ನು ಬಿಟ್ಟು, ಕೊಯ್ಲಿನ ದಿನವೇ ಹೊಲಕ್ಕೆ ಹೋಗತೊಡಗಿದೆ.

ರಾಗಿಗೆ ಗುರುತಿಸುವ ತಾಕು 5 ಮೀಟರ್ ಉದ್ದ, 5 ಮೀಟರ್ ಅಗಲ. ಅದರಲ್ಲಿ ಸಿಕ್ಕ ಕಾಳಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ಎಂದರೆ ತಕ್ಕಡಿಯಲ್ಲಿ 100 ಗ್ರಾಂ ತಪ್ಪಿದರೆ ಹೆಕ್ಟೇರಿಗೆ 40 ಕಿಲೋ ತಪ್ಪಿದಂತೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ತಕ್ಕಡಿಯಲ್ಲ, ಹಗ್ಗ. ಗೂಟ ಸಡಿಲವಾಗಿ ಪ್ರತಿ ಬದಿ 20 ಸೆಂಟಿಮೀಟರ್ ಹಿಗ್ಗಿದರೆ ತಾಕು 27.04 ಚದರ ಮೀಟರ್ ಆಗುತ್ತದೆ, ಇಳುವರಿ ಶೇ 8ರಷ್ಟು ಹೆಚ್ಚಿ ಕಾಣುತ್ತದೆ. ಬದಿಗಳು ಸರಿಯಿದ್ದೂ ಮೂಲೆ ಓರೆಯಾಗಿರಬಹುದಾದ್ದರಿಂದ ಕರ್ಣವನ್ನೂ ಅಳೆಯುತ್ತಿದ್ದೆ, ಅದು 7.07 ಮೀಟರ್ ಬರಬೇಕು. ಗಡಿಯ ಮೇಲಿನ ಗಿಡಗಳಲ್ಲಿ ಬುಡ ಒಳಗಿದ್ದುದನ್ನು ಮಾತ್ರ ಕೊಯ್ಯಬೇಕು. ಬೆಳೆ ವಿಮೆಗೆ ಒಂದು ಗ್ರಾಮ ಪಂಚಾಯಿತಿಯ ಮುಖ್ಯ ಬೆಳೆಗೆ ನಾಲ್ಕೇ ಪ್ರಯೋಗ ನಡೆದಲ್ಲಿ, ಅವುಗಳಲ್ಲಿ ಒಂದು ಹದ ತಪ್ಪಿದರೂ ಆ ಪಂಚಾಯಿತಿಯ ಸರಾಸರಿ ಅಲುಗುತ್ತದೆ, ವಿಮೆ ಮಾಡಿಸಿದ ಅಷ್ಟೂ ರೈತರ ಪರಿಹಾರ ಆ ಸರಾಸರಿಯ ಮೇಲೆಯೇ ನಿಂತಿರುತ್ತದೆ.

ತಾಕಿನ ಜಾಗವನ್ನು ಹೊಲದ ನೈಋತ್ಯ ಮೂಲೆಯಿಂದ, ಕೊಟ್ಟ ಯಾದೃಚ್ಛಿಕ ಸಂಖ್ಯೆಗಳಷ್ಟು ಅಳೆದು ಗುರುತಿಸಬೇಕು. ಗೂಟ ನೆಟ್ಟ ಜಾಗವನ್ನು ನೋಡುವ ಮೊದಲೇ ಆ ಸಂಖ್ಯೆಗಳಿಂದ ನಾನೇ ಅಳೆದು ನಿಂತು ಹೋಲಿಸುತ್ತಿದ್ದೆ. ವ್ಯತ್ಯಾಸ ಕಂಡಾಗಲೆಲ್ಲ ಗೂಟ ಬದುವಿನ ಹತ್ತಿರ, ನಡೆಯಲು ಸುಲಭವಾದ ಕಡೆ ಇರುತ್ತಿತ್ತು. ಇದರಲ್ಲಿ ಮೋಸಕ್ಕಿಂತ ಬಿಸಿಲಿನ ಪಾಲೇ ಹೆಚ್ಚು ಎಂಬುದು ನನ್ನ ಅನಿಸಿಕೆ.

ವಿಸ್ತೀರ್ಣದ ಲೆಕ್ಕ ಬೇರೆಯೇ ಫಜೀತಿ. ಪಹಣಿಯಲ್ಲಿ ಬರೀ ರಾಗಿ ಎಂದಿದ್ದ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹರಳಿನ ಅಕ್ಕಡಿ ಸಾಲುಗಳು ನಿಂತಿರುತ್ತವೆ, ಹಾಗಾಗಿ ದಾಖಲೆಯ ರಾಗಿ ವಿಸ್ತೀರ್ಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ತಪ್ಪು ನನ್ನದೂ ಆಗಿದೆ. ಇಬ್ಬನಿ ಆರುವ ಮೊದಲೇ ಕೊಯ್ಯಿಸಿದ ಒಂದು ತಾಕಿನ ಹಸಿ ತೂಕವನ್ನು ನಮೂದಿಸಿ, ಒಣಗಿಸಿದ ನಂತರದ ತೂಕವನ್ನು ಬರೆಯುವುದನ್ನೇ ಮರೆತಿದ್ದೆ. ಅದನ್ನೂ ವರದಿಯಲ್ಲಿ ಸೇರಿಸಿ, ಮುಗಿದ ಪ್ರಯೋಗಗಳ ಪಕ್ಕದಲ್ಲಿ ಕಣ್ಣಾರೆ ನೋಡಿದ ಪ್ರಯೋಗಗಳಿಗೆ ಬೇರೊಂದು ಕಲಂ ಮಾಡಿ ಕಳುಹಿಸಿದೆ. “ಶೇಕಡಾ ನೂರು ಆಗಿದೆಯಲ್ಲ, ಈ ಕಲಂ ಯಾಕೆ ಸ್ವಾಮಿ?” ಎಂದು ಮೇಲಿನವರೊಬ್ಬರು ಕೇಳಿದರು. ಮರುವರ್ಷದ ವರದಿಯಲ್ಲೂ ಆ ಕಲಮನ್ನು ಉಳಿಸಿಕೊಂಡೆ.