ಆಸ್ಕರ್ ತೊಟ್ಟಿಯ ನೈಟ್ರೇಟ್ ಇಳಿಸಿದ್ದು ಮನಿ ಪ್ಲಾಂಟ್

ತೀರ್ಥಹಳ್ಳಿಯ ಮನೆಯಲ್ಲಿ 500 ಲೀಟರ್ ತೊಟ್ಟಿ, ಮೂರು ಆಸ್ಕರ್ ಮೀನು. ಮೀನಿನ ಗಲೀಜಿನಿಂದ ಬರುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಅವು ಕೊನೆಗೆ ಮಾರ್ಪಟ್ಟು ಉಳಿಯುವ, ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಮಾತ್ರ 80 ಪಿಪಿಎಂ (ಲೀಟರಿಗೆ ಸುಮಾರು 80 ಮಿಲಿಗ್ರಾಂ). ಗಾಜು ಒರೆಸಿದ ನಾಲ್ಕೇ ದಿನಕ್ಕೆ ಮತ್ತೆ ಪಾಚಿ.

ವಾರಕ್ಕೆರಡು ಸಲ ನೀರು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಬಾವಿ ನೀರಲ್ಲೇ 20 ಇತ್ತು. ಬಾವಿ ಇರುವುದು ಅಡಿಕೆ ತೋಟದ ತಗ್ಗಿನಲ್ಲಿ, ಗೊಬ್ಬರ ಇಳಿಯುತ್ತೆ ಅಲ್ವಾ. ನೈಟ್ರೇಟ್ ಹೀರುವ ಹರಳಿನ ಚೀಲ ಎರಡು ವಾರಕ್ಕೆ ಸುಸ್ತಾಯಿತು. ವ್ಯಾಲಿಸ್ನೇರಿಯಾ ಎಂಬ ನೀರೊಳಗಿನ ಗಿಡ ನೆಟ್ಟರೆ ಆಸ್ಕರ್‌ಗಳು ಒಂದೇ ರಾತ್ರಿಯಲ್ಲಿ ಕಿತ್ತು ತೇಲಿಸಿದವು.

ಕೊನೆಗೆ ಕೆಲಸ ಮಾಡಿದ್ದು ಜಗಲಿಯ ಮನಿ ಪ್ಲಾಂಟ್. ಗೆಣ್ಣಿನ ಕೆಳಗೆ ಕತ್ತರಿಸಿದ 20 ತುಂಡು ತೆಗೆದುಕೊಂಡೆ. ಮೊದಲು ಬಕೆಟ್ ನೀರಲ್ಲಿ ಬೇರು ಬರಿಸಿದೆ, ಎರಡು ವಾರ ಬೇಕಾಯಿತು. ಸುಮ್ನೆ ನೇರ ತೊಟ್ಟಿಗೆ ಇಟ್ಟ ಮೊದಲ ಕಂತು ಕೊಳೆತಿತ್ತು. ಆಮೇಲೆ ಮೇಲಿನ ಫಿಲ್ಟರ್ ಡಬ್ಬಿಯಲ್ಲಿ, ಸ್ಪಂಜ್ ದಾಟಿ ನೀರು ಹರಿಯುವ ಕಡೆ ಬೇರು ಇಳಿಬಿಟ್ಟೆ. ಬೇರು ಮಾತ್ರ ನೀರಲ್ಲಿ, ಎಲೆ ಪೂರ್ತಿ ಹೊರಗೆ. ಮೀನಿನ ಬಾಯಿಗೂ ಸಿಗಲ್ಲ.

ನಮ್ಮ ಮಳೆಗಾಲದ ಕತ್ತಲೆಗೆ ಕಿಟಕಿ ಬೆಳಕು ಸಾಲದು. 12 ವಾಟ್ ಎಲ್ಇಡಿ ಬಲ್ಬ್, ಎಲೆಯಿಂದ ಒಂದಡಿ ಮೇಲೆ, ಟೈಮರ್‌ನಲ್ಲಿ ಬೆಳಿಗ್ಗೆ 7ರಿಂದ ಸಂಜೆ 7. ಬಲ್ಬ್ ಹಾಕಿದ ಮೇಲೇ ಬೇರು ಬಿಳಿ ದಾರದ ಹಾಗೆ ಜಾಸ್ತಿಯಾಯಿತು. ನೈಟ್ರೇಟ್ ಆರು ವಾರಕ್ಕೆ 40, ಮೂರು ತಿಂಗಳಿಗೆ 20ಕ್ಕೆ ಇಳಿಯಿತು. ನೀರು ಬದಲಿಸುವುದು ವಾರಕ್ಕೊಮ್ಮೆ ಸಾಕಾಗಿದೆ.

ನೈಟ್ರೇಟ್ ಅಳೆಯುವ ನನ್ನ ಕಿಟ್‌ನ ಎರಡನೇ ಬಾಟಲಿಯನ್ನು 30 ಸೆಕೆಂಡು ಜೋರಾಗಿ ಕುಲುಕಬೇಕು, ಇಲ್ಲದಿದ್ದರೆ ಸುಳ್ಳೇ ಕಡಿಮೆ ತೋರಿಸುತ್ತೆ. ಹಳದಿ ಎಲೆ ಕಂಡ ದಿನವೇ ಕಿತ್ತು ಹೊರಗೆ ಹಾಕಿ. ಪಂಪಿನ ಬಾಯಿಗೆ ಬೇರು ಹೊಕ್ಕದಂತೆ ತಿಂಗಳಿಗೊಮ್ಮೆ ಕತ್ತರಿಸಿ.